ಕಲ್ಲುಕೋರೆ ತಿರುವಿನ ಚಿಟ್ಟೆಗಳು

ಪೇಟೆಯ ನಿಲ್ದಾಣದಿಂದ ಹೊರಟು ಗುಡ್ಡ ಹತ್ತಿ, ಆಚೆ ಬದಿಗೆ ಇಳಿದು, ಅಣೆಕಟ್ಟೆಯ ಕಾಲೊನಿಗೆ ಹೋಗಿಬರುವ ಬಸ್ಸನ್ನು ಓಡಿಸುತ್ತಿದ್ದವನಿಗೆ ಆ ಮಾರ್ಗದ ಜನ ಚಿಟ್ಟೆ ಡ್ರೈವರ್ ಎಂದು ಹೆಸರಿಟ್ಟಿದ್ದರು. ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಇನ್ನೊಮ್ಮೆ, ಚಿಟ್ಟೆಗಳು ದಂಡು ಕಟ್ಟಿಕೊಂಡು ಆ ಗುಡ್ಡ ದಾಟುತ್ತಿದ್ದವು. ಅಂಥ ದಿನಗಳಲ್ಲಿ ಅವನು ಗೇರು ಇಳಿಸಿ ಬಸ್ಸನ್ನು ಬಸುರಿಯ ನಡಿಗೆಗೆ ತಂದುಬಿಡುತ್ತಿದ್ದ. ಹಿಂದಿನ ಸೀಟಿನಿಂದ ಯಾರಾದರೂ “ಏನಪ್ಪಾ, ಇಳಿದು ತಳ್ಳಬೇಕಾ?” ಎಂದರೆ, “ಅವೂ ಊರಿಗೇ ಹೊರಟಿರೋದು, ಸ್ವಲ್ಪ ದಾರಿ ಬಿಡಿ” ಎನ್ನುತ್ತಿದ್ದ. ಗೊಣಗುವವರೂ ಕಿಟಕಿಯಾಚೆ ನೋಡಿ ಸುಮ್ಮನಾಗುತ್ತಿದ್ದರು.

ಈ ಡ್ರೈವರನ ಅಣ್ಣನ ಮಗಳು ನೀರು ಸರಬರಾಜು ಕಚೇರಿಯಲ್ಲಿ ನೆಲದಡಿಯ ಕೊಳವೆಗಳ ನಕ್ಷೆ ಬರೆಯುವವಳು. ವಯಸ್ಸು ನಲವತ್ತರ ಹತ್ತಿರ ಬಂದಿದ್ದರೂ, ಕೂದಲು ಅಲ್ಲಲ್ಲಿ ಬೆಳ್ಳಗಾಗಿದ್ದರೂ, ಮನೆಯವರ ಬಾಯಲ್ಲಿ ಅವಳಿನ್ನೂ ಪುಟ್ಟಿಯೇ. ಅಪ್ಪ ಅಮ್ಮ ಇಬ್ಬರೂ ಒಂದೇ ಜ್ವರದಲ್ಲಿ ಹೋದಾಗ ಅವಳಿಗೆ ಸರಿಯಾಗಿ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಮಕ್ಕಳಿಲ್ಲದ ಚಿಕ್ಕಪ್ಪ ಚಿಕ್ಕಮ್ಮ ಅವಳನ್ನು ಕರೆದುಕೊಂಡು ಬಂದು ಸಾಕಿದರು. ರಜೆಯ ದಿನಗಳಲ್ಲಿ ಚಿಕ್ಕಪ್ಪ ಅವಳನ್ನು ಇಂಜಿನ್ನಿನ ಪಕ್ಕದ ಒಂಟಿ ಸೀಟಿನಲ್ಲಿ ಕೂರಿಸಿಕೊಂಡು ಗುಡ್ಡದ ಮೇಲೆ ಕರೆದೊಯ್ಯುತ್ತಿದ್ದ. ಅಲ್ಲಿ ಬಸ್ಸು ತಣ್ಣಗಾಗಲು ನಿಲ್ಲಿಸಿದಾಗ ಪೊದೆಗಳ ಹತ್ತಿರ ನಿಂತು ಹೇಳಿಕೊಡುತ್ತಿದ್ದ: “ಯಾವ ಚಿಟ್ಟೆ ಅನ್ನೋದು ಆಮೇಲೆ. ಮೊದಲು ಎಲ್ಲಿಗೆ ಹೊರಟಿದೆ ನೋಡು. ಸುಮ್ಮನೆ ಸುತ್ತೋದಕ್ಕೂ ಪ್ರಯಾಣ ಹೊರಟಿರೋದಕ್ಕೂ ವ್ಯತ್ಯಾಸ ಇದೆ.”

ಆ ಪಾಠವೇ ಮುಂದೆ ಪುಟ್ಟಿಯನ್ನು ಚಿಟ್ಟೆ ನಕ್ಷೆಯವರ ಗುಂಪಿಗೆ ಸೇರಿಸಿತು. ಕಡಲ ಕಡೆಯಿಂದ ಹಿಡಿದು ಬಯಲಿನವರೆಗೆ ನೂರಾರು ಜನ, ತಮ್ಮ ಕೆಲಸಬೊಗಸೆಯ ನಡುವೆ ಕಂಡ ಚಿಟ್ಟೆಗಳನ್ನು ಫೋನಿನಲ್ಲಿ ದಾಖಲಿಸುತ್ತಿದ್ದರು. ಯಾವ ಜಾತಿ, ಸುಮಾರು ಎಷ್ಟು, ಎತ್ತ ಹಾರುತ್ತಿದ್ದವು, ಇಷ್ಟೇ. ಒಂದೊಂದು ದಾಖಲೆಯೂ ನಕ್ಷೆಯ ಮೇಲೆ ಒಂದು ಚುಕ್ಕೆ. ವಾರಕ್ಕೊಂದು ಬಣ್ಣ ಕೊಟ್ಟು ನೋಡಿದರೆ ಚುಕ್ಕೆಗಳು ಕಡಲಿನಿಂದ ಗುಡ್ಡಕ್ಕೆ, ಗುಡ್ಡದಿಂದ ಬಯಲಿಗೆ ಜರುಗುವುದು ಕಾಣುತ್ತಿತ್ತು. ಚುಕ್ಕೆ ನಕ್ಷೆಗೆ ಏರುವ ಮೊದಲು ಅದನ್ನು ಪರಿಶೀಲಿಸುವ ಕೆಲವರಿದ್ದರು. ಗುಡ್ಡದ ಪಟ್ಟಿ ಪುಟ್ಟಿಯ ಪಾಲಿನದು. ಸಾಮಾನ್ಯವಾಗಿ ಫೋಟೊ ಇಲ್ಲದೆ ಯಾರ ಮಾತನ್ನೂ ಒಪ್ಪುವಂತಿರಲಿಲ್ಲ. ಆದರೆ ಪಳಗಿದ ಕೆಲವರಿಗೆ ರಿಯಾಯಿತಿ ಇತ್ತು, ಅದರಲ್ಲಿ ಮೊದಲನೆಯವನು ಚಿಕ್ಕಪ್ಪ. ಒಂದೇ ದಾರಿಯಲ್ಲಿ ದಿನಾ ಹೋಗಿಬರುವ, ನಿಲುಗಡೆಗಳಲ್ಲಿ ಇಳಿದು ಬರೆದಿಡುವ ಇಂಥವನು ಇನ್ನೊಬ್ಬ ಸಿಗುವುದು ಕಷ್ಟ ಎಂದು ಗುಂಪಿನ ಮುಖ್ಯಸ್ಥೆಯೇ ಹೇಳುತ್ತಿದ್ದಳು. ಅವಳು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು, ಹೊಗಳಿಕೆಯಲ್ಲಿ ತುಂಬ ಜಿಪುಣಿ.

ಆ ವರ್ಷ ಮಳೆಗೆ ಮುಂಚಿನ ವಲಸೆ ಶುರುವಾದಾಗ ಪುಟ್ಟಿಗೆ ಏನೋ ಇರುಸುಮುರುಸು. ಜೊತೆಯಲ್ಲೇ ಹಾರುವ ಎರಡು ನೀಲಿ ಜಾತಿಗಳಿವೆ. ಒಂದರ ರೆಕ್ಕೆಯ ಗೆರೆಗಳು ಅಗಲ, ಇನ್ನೊಂದರದ್ದು ಸಪೂರ. ಬೇರೆಯವರೆಲ್ಲ ಫೋಟೊ ಸಮೇತ ಸಪೂರ ಗೆರೆಯವನ್ನು ಕಳಿಸುತ್ತಿದ್ದರೆ, ಅದೇ ದಿನ ಗುಡ್ಡದ ಬುಡದ ಅದೇ ಜಾಗಗಳಿಂದ ಚಿಕ್ಕಪ್ಪ ಅಗಲ ಗೆರೆಯವನ್ನು ಬರೆಯುತ್ತಿದ್ದ. ಒಂದು ಸಲವಾದರೆ ಕೈತಪ್ಪು ಎನ್ನಬಹುದು. ಮತ್ತೆ ಮತ್ತೆ ಹಾಗೇ ಆಯಿತು. ಫೋನ್ ಮಾಡಿ ಕೇಳಿದರೆ ನಕ್ಕುಬಿಟ್ಟ: “ನಾನು ನೋಡಿದ್ದು ನನಗೆ ಗೊತ್ತಿಲ್ವಾ? ಅವರ ಕ್ಯಾಮೆರಾಕ್ಕೆ ಏನೋ ಆಗಿರಬೇಕು.” ಅವಳೂ ನಕ್ಕು ಸುಮ್ಮನಾದಳು. ಅವನ ಚುಕ್ಕೆಗಳನ್ನು ಹಾಗೇ ಏರಿಸಿದಳು.

ಆಮೇಲೆ ಬಂದದ್ದು ಕಲ್ಲುಕೋರೆ ತಿರುವಿನ ದಾಖಲೆ. ಗುಡ್ಡದ ನೆತ್ತಿಗೆ ಸ್ವಲ್ಪ ಮುಂಚೆ, ಹಳೆಯ ಕಲ್ಲುಕೋರೆಯ ಪಕ್ಕದಲ್ಲಿ, ಚಿಟ್ಟೆಗಳ ದೊಡ್ಡ ಗುಂಪು ತಂಗಿದೆ, ನೂರಾರು ಇವೆ, ಮೂರು ದಿನದಿಂದ ಕದಲಿಲ್ಲ ಎಂದು ಬರೆದಿದ್ದ. ವಲಸೆಯ ನಡುವೆ ಅಷ್ಟು ದಿನ ಒಂದೇ ಕಡೆ ತಂಗುವುದು ಅಪರೂಪ. ಮುಖ್ಯಸ್ಥೆಗೆ ಖುಷಿಯಾಗಿ, ಒಂದು ಫೋಟೊ ತೆಗೆದುಬರುತ್ತೀಯಾ ಎಂದು ಪುಟ್ಟಿಯನ್ನೇ ಕೇಳಿದಳು.

ಭಾನುವಾರ ಬೆಳಿಗ್ಗೆ ಪುಟ್ಟಿ ಸ್ಕೂಟರ್ ತೆಗೆದುಕೊಂಡು ಹೋದಳು. ತಿರುವಿನಲ್ಲಿ ಗಾಡಿ ನಿಲ್ಲಿಸಿ ಎರಡೂ ಬದಿ ಹುಡುಕಿದಳು. ಮರಗಳಲ್ಲಿ ಒಂದು ಚಿಟ್ಟೆಯೂ ಇಲ್ಲ. ಕೋರೆಯ ಸುತ್ತ ಹಾಕಿದ ಮುಳ್ಳುತಂತಿಯ ಬೇಲಿಗೆ ಮಾತ್ರ ಏನೋ ಕಪ್ಪು ನೀಲಿ ಚೂರುಗಳು ಒತ್ತೊತ್ತಾಗಿ ಅಂಟಿಕೊಂಡು ಗಾಳಿಗೆ ಪಟಪಟ ಬಡಿಯುತ್ತಿದ್ದವು. ಹತ್ತಿರ ಹೋಗಿ ಮುಟ್ಟಿ ನೋಡಿದಳು. ಲಾರಿಗೆ ಹೊದಿಸುವ ಟಾರ್ಪಾಲು. ಹರಿದು ಚಿಂದಿಯಾಗಿ ಬೇಲಿಯುದ್ದಕ್ಕೂ ಸಿಕ್ಕಿಕೊಂಡಿತ್ತು.

ಅವಳು ರಸ್ತೆಯ ಅಂಚಿಗೆ ಬಂದು, ಬಸ್ಸಿನ ಡ್ರೈವರ್ ಕೂರುವ ಜಾಗದಿಂದ ನೋಡಿದರೆ ಎಷ್ಟು ದೂರವಾದೀತು ಎಂದು ಅಂದಾಜು ಹಾಕಿದಳು. ದೂರವೇನೂ ಇರಲಿಲ್ಲ. ಅಷ್ಟು ದೂರದಲ್ಲಿ ನಿಂತವರ ಮುಖದ ಗುರುತು ಹಿಡಿಯಬಹುದು. ಮಗು ಅಡ್ಡ ಬಂದರೆ ಮಗು ಎಂದು ತಿಳಿಯಬೇಕು. ಅಗಲ ಗೆರೆ, ಸಪೂರ ಗೆರೆ ಎಂಬ ಮಾತೆಲ್ಲ ಒಂದೇ ಸಲಕ್ಕೆ ಬೇರೆಯೇ ಅರ್ಥ ಪಡೆದವು. ಸ್ಕೂಟರ್ ಹತ್ತುವ ಧೈರ್ಯ ಬಾರದೆ ಬಹಳ ಹೊತ್ತು ಅಲ್ಲೇ ಒಂದು ಕಲ್ಲಿನ ಮೇಲೆ ಕೂತಳು.

ಮರುದಿನ ಕಚೇರಿಗೆ ರಜೆ ಹಾಕಿ ಚಿಕ್ಕಪ್ಪನ ಬಸ್ಸು ಹತ್ತಿದಳು. ಅವನಿಗೆ ಹೇಳದೆ, ಹಿಂದಿನ ಬಾಗಿಲಿನಿಂದ. ಬಸ್ಸು ಎಂದಿನಂತೆಯೇ ಹೊರಟಿತು. ಹೊಂಡ ಬಂದಲ್ಲಿ ನಿಧಾನ, ತಿರುವಿನಲ್ಲಿ ಹಾರ್ನು, ನಿಲ್ದಾಣದಲ್ಲಿ ಗೆರೆ ಎಳೆದ ಹಾಗೆ ನಿಲುಗಡೆ. ತಾನು ಸುಮ್ಮನೆ ಹೆದರಿದೆನೇನೋ ಎಂದುಕೊಳ್ಳುವಷ್ಟರಲ್ಲಿ ಅವಳ ಗಮನ ಕಂಡಕ್ಟರನ ಮೇಲೆ ಬಿತ್ತು. ಅವನು ಟಿಕೆಟ್ ಕೊಡಲು ಹಿಂದೆ ಬಂದವನು ಓಡೋಡಿ ಮುಂದೆ ಹೋಗುತ್ತಿದ್ದ. ಮುಂದಿನ ಮೆಟ್ಟಿಲ ಮೇಲೆ ನಿಂತು, ಯಾರಿಗೋ ಹೇಳುವವನ ಹಾಗೆ, “ಎಡಗಡೆ ಸೈಕಲ್ಲು”, “ಮುಂದೆ ದನ”, “ಕೈ ಅಡ್ಡ ಹಿಡಿದವ್ರೆ, ಇಬ್ಬರು” ಎನ್ನುತ್ತಿದ್ದ. ಜನ ಅದನ್ನು ಅವನ ಚಾಳಿ ಎಂದುಕೊಂಡಿದ್ದರು. ಒಂದು ಕಡೆ ಅವನು ಚಿಲ್ಲರೆ ಹುಡುಕುತ್ತ ಹಿಂದೆಯೇ ಉಳಿದ. ರಸ್ತೆ ಬದಿಯಲ್ಲಿ ಹೆಂಗಸೊಬ್ಬಳು ಕೈ ಎತ್ತಿ ನಿಂತಿದ್ದಳು, ಅವಳನ್ನು ಉಜ್ಜಿಕೊಂಡೇ ಬಸ್ಸು ಹೋಯಿತು. ಹೆಂಗಸು ಹಿಂದಕ್ಕೆ ಹಾರಿ ಬಿದ್ದು, ಎದ್ದು, ಬೈಯುತ್ತಿದ್ದುದು ಹಿಂದಿನ ಗಾಜಿನಲ್ಲಿ ಪುಟ್ಟಿಗೆ ಕಂಡಿತು. ಚಿಕ್ಕಪ್ಪ ಕನ್ನಡಿಯತ್ತ ತಿರುಗಲೂ ಇಲ್ಲ.

ಅವತ್ತು ಸಂಜೆಯೇ ಅವನ ಮನೆಗೆ ಹೋದಳು. ಚಿಕ್ಕಮ್ಮ ಅಂಗಡಿಗೆ ಹೋಗಿದ್ದಳು. ಚಿಕ್ಕಪ್ಪ ಹಿತ್ತಲ ಕಟ್ಟೆಯ ಮೇಲೆ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದ. ಬೂಟಿನ ಒಂದು ಬದಿ ಫಳಫಳ, ಇನ್ನೊಂದು ಬದಿಗೆ ಬ್ರಷ್ಷೇ ತಾಗಿರಲಿಲ್ಲ.

“ಚಿಕ್ಕಪ್ಪ, ಕಲ್ಲುಕೋರೆ ಹತ್ರ ಹೋಗಿದ್ದೆ. ಅಲ್ಲಿರೋದು ಚಿಟ್ಟೆ ಅಲ್ಲ. ಟಾರ್ಪಾಲು.”

ಅವನು ಬ್ರಷ್ ನಿಲ್ಲಿಸಲಿಲ್ಲ. “ಹಾಗಾದ್ರೆ ಹಾರಿ ಹೋಗಿರಬೇಕು.”

“ಇವತ್ತು ನಿನ್ನ ಬಸ್ಸಲ್ಲಿದ್ದೆ.”

ಈಗ ಬ್ರಷ್ ನಿಂತಿತು.

“ಆ ಹೆಂಗಸು ನಿನಗೆ ಕಾಣಲಿಲ್ಲ ಅಲ್ವಾ?”

“ಯಾವ ಹೆಂಗಸು?” ಎಂದ. ಅದು ಸುಳ್ಳಲ್ಲ, ನಿಜವಾದ ಪ್ರಶ್ನೆ ಎಂದು ಅವಳಿಗೆ ಗೊತ್ತಾಯಿತು. ಅದು ಸುಳ್ಳಾಗಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನಿಧಾನಕ್ಕೆ ಒಂದೊಂದೇ ಹೊರಬಂತು. ನೋಡಿದ ವಸ್ತುವಿನ ನಟ್ಟನಡುವೆ ಯಾರೋ ಬೆರಳಿನಿಂದ ಒರೆಸಿದ ಹಾಗೆ ಮಸುಕು. ಸುತ್ತಲಿನದು ಕಾಣುತ್ತದೆ, ದಿಟ್ಟಿಸಿದ್ದು ಮಾತ್ರ ಕಾಣುವುದಿಲ್ಲ. ವರ್ಷಕ್ಕೊಮ್ಮೆ ಡಿಪೊದಲ್ಲಿ ನಡೆಯುವ ಕಣ್ಣಿನ ಪರೀಕ್ಷೆಯಲ್ಲಿ ಅದೇ ಹಲಗೆ, ಅವೇ ಅಕ್ಷರ. ಅವನಿಗೆ ಅದು ಬಾಯಿಪಾಠ. “ರಸ್ತೆನೂ ಹಾಗೇ ಬಾಯಿಪಾಠ ಕಣೆ ಪುಟ್ಟಿ. ಕಣ್ಣು ಮುಚ್ಚಿ ಓಡಿಸ್ತೀನಿ.”

“ರಸ್ತೆ ಬಾಯಿಪಾಠ ಆಗಬಹುದು. ರಸ್ತೆಗೆ ಬರೋರು?”

ಅವನಿಗೆ ಸಿಟ್ಟು ಬಂತು. “ನೀನು ಈ ಮನೆಗೆ ಬಂದಾಗಿನಿಂದ ಈ ಸ್ಟೀರಿಂಗೇ ನಿನ್ನನ್ನ ಸಾಕಿದ್ದು. ಇವತ್ತಿನವರೆಗೆ ಒಂದು ಕೋಳಿಗೂ ತಾಗಿಸಿಲ್ಲ ನಾನು. ಇಳಿಸಿಬಿಟ್ರೆ ಆಮೇಲೆ ನಾನ್ಯಾರು, ಹೇಳು.” ಆಮೇಲೆ ದನಿ ಇಳಿಸಿ, “ಮಳೆ ಶುರುವಾಗಲಿ, ನಾನೇ ಹೋಗಿ ಹೇಳ್ತೀನಿ. ನಿನ್ನ ಚಿಕ್ಕಮ್ಮನಿಗೂ ಅಲ್ಲೀವರೆಗೆ ಏನೂ ಗೊತ್ತಾಗಬಾರದು” ಎಂದ. ಜೀವಮಾನದಲ್ಲಿ ಅವಳ ಹತ್ತಿರ ಅವನು ಏನನ್ನೂ ಬೇಡಿದವನಲ್ಲ. ಪುಟ್ಟಿ ಹೂಂ ಎಂದಳು. ಹೂಂ ಎಂದದ್ದಕ್ಕೆ ಅಂದಿನಿಂದಲೇ ಸಂಕಟ ಶುರುವಾಯಿತು. ಕಚೇರಿಯಲ್ಲಿ ಕೂತಿದ್ದಾಗ ಆಂಬುಲೆನ್ಸಿನ ಸದ್ದು ಕೇಳಿದರೆ ಪೆನ್ಸಿಲು ಹಾಗೇ ನಿಂತುಬಿಡುತ್ತಿತ್ತು. ಬಸ್ಸು ಕಾಲೊನಿ ಮುಟ್ಟುವ ಹೊತ್ತಿಗೆ ಏನಾದರೂ ನೆಪ ಹುಡುಕಿ ಚಿಕ್ಕಪ್ಪನಿಗೆ ಫೋನ್ ಮಾಡುತ್ತಿದ್ದಳು. ಅವನಿಗೆ ಅದು ಅರ್ಥವಾಗಿ, “ಮುಟ್ಟಿದೆ” ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದ.

ಒಂದು ಮಧ್ಯಾಹ್ನ ಕಂಡಕ್ಟರ್ ಅವಳ ಕಚೇರಿಗೇ ಬಂದ. ನಕ್ಷೆಯ ಮೇಜುಗಳ ನಡುವೆ ಟೋಪಿ ಕೈಯಲ್ಲಿ ಹಿಡಿದು ನಿಂತು, ಹೊರಗೆ ಬನ್ನಿ ಎಂದು ಕಣ್ಣಲ್ಲೇ ಕರೆದ. ಮೆಟ್ಟಿಲ ಹತ್ತಿರ ಹೋದ ಮೇಲೆ ಬಾಯಿ ಬಿಟ್ಟ.

“ಅಕ್ಕಾ, ನಿಮಗೂ ಗೊತ್ತಾಗಿದೆ ಅಂತ ಡ್ರೈವರಣ್ಣ ಹೇಳಿದ್ರು. ನನ್ನನ್ನ ಬೇರೆ ಮಾರ್ಗಕ್ಕೆ ಹಾಕಿದಾರೆ. ಸೋಮವಾರದಿಂದ ಅಣ್ಣನ ಜೊತೆಗೆ ಹೊಸಬ.”

“ಆ ಹೊಸಬನಿಗೆ ಹೇಳಿದೀರಾ?”

“ಏನಂತ ಹೇಳಲಿ? ಇಷ್ಟು ದಿನ ಮುಚ್ಚಿಟ್ಟಿದ್ದೆ ಅಂತ ಗೊತ್ತಾದ್ರೆ ನನ್ನ ಕೆಲಸಾನೂ ಹೋಗುತ್ತೆ. ಅಣ್ಣನಿಗೆ ಹೇಳಿದೆ, ರಜೆ ಹಾಕಿ ಅಂತ. ಹೊಸಬನ್ನೂ ಪಳಗಿಸ್ಕೋತೀನಿ ಬಿಡು ಅಂದ್ರು.” ಟೋಪಿಯ ಅಂಚು ತಿರುವುತ್ತ, “ನಂಗೆ ನಿದ್ದೆ ಬರ್ತಿಲ್ಲ ಅಕ್ಕಾ. ನೀವು ಮನೆಯವರು. ನಿಮ್ಮ ಮಾತು ಕೇಳಬಹುದು” ಎಂದ.

ಪುಟ್ಟಿ ಚಿಕ್ಕಪ್ಪನಿಗೆ ಮತ್ತೊಮ್ಮೆ ಹೇಳಿ ನೋಡಿದಳು. ಈ ಸಲ ಅವನು ಫೋನನ್ನೇ ಎತ್ತಲಿಲ್ಲ. ಮನೆಗೆ ಹೋದರೆ ಊಟದ ಮುಂದೆ ಚಿಕ್ಕಮ್ಮನನ್ನು ಕೂರಿಸಿಕೊಂಡು ಅದೂ ಇದೂ ಮಾತಾಡಿದ, ಒಬ್ಬನೇ ಸಿಗಲಿಲ್ಲ. ಶನಿವಾರ ಬೆಳಿಗ್ಗೆ ಅವಳು ಡಿಪೊಗೆ ಹೋದಳು. ಗೇಟಿನ ಒಳಗೆ ಕಾಲಿಟ್ಟು, ತಿರುಗಿ ಬಂದು, ರಸ್ತೆಯಾಚೆಯ ಚಹಾ ಅಂಗಡಿಯಲ್ಲಿ ನಿಂತು, ಬಿಸಿ ಚಹಾವನ್ನು ಆರಿಸಿಕೊಳ್ಳದೆ ಕುಡಿದು ಬಾಯಿ ಸುಟ್ಟುಕೊಂಡು, ಮತ್ತೆ ಹೋದಳು.

ಡಿಪೊ ಮ್ಯಾನೇಜರ್ ಕೆಟ್ಟ ಮನುಷ್ಯನಲ್ಲ. ಎಲ್ಲವನ್ನೂ ಕೇಳಿಕೊಂಡ. “ನೀವು ಅವರಿಗೆ ಏನಾಗಬೇಕು?” ಎಂದ.

“ಮಗಳು” ಎಂದಳು. ಆಮೇಲೆ ತಿದ್ದಿಕೊಂಡಳು: “ಅಣ್ಣನ ಮಗಳು.”

“ಬರವಣಿಗೆಯಲ್ಲಿ ಕೊಡ್ತೀರಾ?”

ಕೊಟ್ಟಳು. ಕಂಡಕ್ಟರನ ವಿಷಯ ಎತ್ತಲಿಲ್ಲ.

ಸೋಮವಾರ ಡ್ಯೂಟಿಗೆ ಬಂದ ಚಿಕ್ಕಪ್ಪನನ್ನು ಬಸ್ಸು ಹತ್ತಿಸದೆ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಹಲಗೆ ಬೇರೆ, ಅಕ್ಷರ ಬೇರೆ. ಅವನು ಹಳೆಯ ಹಲಗೆಯ ಅಕ್ಷರಗಳನ್ನೇ ಗಟ್ಟಿಯಾಗಿ, ಒಂದೂ ತಪ್ಪದೆ ಓದಿದನಂತೆ. ಡಾಕ್ಟರು ಮಧ್ಯದಲ್ಲಿ ತಡೆದು ಸಾಕು ಎಂದರಂತೆ. ಕಣ್ಣಿನ ಒಳಪರದೆಯ ನಡುಭಾಗ ಸವೆದುಹೋಗಿದೆ, ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದು ಬರೆದುಕೊಟ್ಟರು. ಡಿಪೊದವರು ಅವನನ್ನು ಡ್ರೈವರ್ ಕೆಲಸದಿಂದ ತೆಗೆದು, ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳನ್ನಿಡುವ ಕೋಣೆಗೆ ಹಾಕಿದರು.

ಯಾರು ಹೇಳಿದ್ದು ಎಂಬುದು ಡಿಪೊದಲ್ಲಿ ಮುಚ್ಚಿಡುವ ಸಂಗತಿಯಾಗಿ ಉಳಿಯಲಿಲ್ಲ. ಮೊದಲು ಸಿಡಿದವಳು ಚಿಕ್ಕಮ್ಮ. ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು: “ನನಗೆ ಒಂದು ಮಾತು ಹೇಳಬಾರದಿತ್ತಾ? ಬೀದಿಯವರಿಂದ ಕೇಳಬೇಕಾಯ್ತು.”

“ನೀನು ಚಿಕ್ಕಪ್ಪನ ಪರವೇ ಮಾತಾಡ್ತಿದ್ದೆ, ಚಿಕ್ಕಮ್ಮ.”

“ಮತ್ತಿನ್ಯಾರ ಪರ ಮಾತಾಡಲಿ? ಏನಾಗಿತ್ತು ಈಗ? ಯಾರಿಗೆ ಏನಾಗಿತ್ತು, ಹೇಳು.”

ಯಾರಿಗೂ ಏನೂ ಆಗಿರಲಿಲ್ಲ. ಆಗದೇ ಹೋದ ಅಪಘಾತವನ್ನು ಯಾರಿಗೆ ತೋರಿಸುವುದು? ಮಾರ್ಗದ ಜನರೂ ಹಾಗೇ ಆಡಿಕೊಂಡರು: ಬಂಗಾರದಂಥ ಡ್ರೈವರು, ಮನೆಮಗಳೇ ಕಾಲೆಳೆದಳು. ಅವಳು ಬಂದರೆ ಚಿಕ್ಕಪ್ಪ ಎದ್ದು ಒಳಕ್ಕೆ ಹೋಗುತ್ತಿದ್ದ, ಗೋಡೆಯನ್ನು ಸವರಿಕೊಂಡು. ಅದನ್ನು ನೋಡಲಾರದೆ ಅವಳು ಹೋಗುವುದನ್ನೇ ನಿಲ್ಲಿಸಿದಳು. ತಾನು ಮಾಡಿದ್ದು ಸರಿ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಅನುಮಾನವಿದ್ದಿದ್ದರೆ ಹೋಗಿ ಕಾಲು ಹಿಡಿಯಬಹುದಿತ್ತು, ಅದಕ್ಕೂ ದಾರಿಯಿಲ್ಲದಂತಾಯಿತು.

ಮಳೆ ಬಂತು, ಹೋಯಿತು. ಚಿಟ್ಟೆಗಳು ಮರಳುವ ಕಾಲ ಬಂದಾಗ ಮುಖ್ಯಸ್ಥೆ ಫೋನ್ ಮಾಡಿದಳು. ಅವಳಿಗೆ ವಿಷಯವೆಲ್ಲ ತಿಳಿದಿತ್ತು. “ಕೇಳೋಕೆ ಕಷ್ಟ ಆಗ್ತಿದೆ. ಆದ್ರೂ ನಿನ್ನ ಚಿಕ್ಕಪ್ಪನ ತಪ್ಪು ದಾಖಲೆಗಳನ್ನ ನಕ್ಷೆಯಿಂದ ತೆಗೀಬೇಕು. ಎಲ್ಲಿಂದ ತಪ್ಪು ಶುರುವಾಗಿದೆ ಅಂತ ನಿನಗೇ ಗೊತ್ತಾಗೋದು.” ಪುಟ್ಟಿ ಚುಕ್ಕೆಗಳನ್ನು ಹಿಂದಕ್ಕೆ ನೋಡುತ್ತ ಹೋದಳು. ಈ ವರ್ಷದವನ್ನಂತೂ ಪೂರ್ತಿ ತೆಗೆಯಬಹುದು. ಹೋದ ವರ್ಷದವುಗಳಲ್ಲಿ ಕೆಲವು ಬೇರೆಯವರ ದಾಖಲೆಗಳೊಂದಿಗೆ ಹೊಂದುತ್ತಿದ್ದವು, ಕೆಲವು ಇಲ್ಲ. ಎಲ್ಲಿ ಗೆರೆ ಎಳೆಯಬೇಕೆಂದು ತಿಳಿಯಲಿಲ್ಲ. ಕೇಳಬೇಕಾದವನು ಒಬ್ಬನೇ.

ಬಿಟ್ಟುಹೋದ ಸಾಮಾನಿನ ಕೋಣೆ ಡಿಪೊದ ಹಿಂಬದಿಯಲ್ಲಿತ್ತು. ಗೋಡೆಯುದ್ದಕ್ಕೂ ಕಬ್ಬಿಣದ ಹಲಗೆಗಳು, ಅವುಗಳ ಮೇಲೆ ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿ, ಯಾರೋ ಮರೆತ ಹಾರ್ಮೋನಿಯಂ. ಚಿಕ್ಕಪ್ಪ ಕುರ್ಚಿಯಲ್ಲಿ ಕೂತು ರೇಡಿಯೊ ಕೇಳುತ್ತಿದ್ದ. ಅವಳು ಬಾಗಿಲಲ್ಲಿ ನಿಂತದ್ದೇ, ತಲೆ ಸ್ವಲ್ಪ ಓರೆ ಮಾಡಿ, ಕಣ್ಣಂಚಿನಿಂದ ನೋಡಿ ಗುರುತು ಹಿಡಿದ. ಎದ್ದು ಹೋಗಲು ಅಲ್ಲಿ ಒಳಮನೆ ಇರಲಿಲ್ಲ.

“ಏನಾದ್ರೂ ಕಳಕೊಂಡ್ಯಾ?” ಎಂದ.

ಅವಳು ಬಂದ ಕೆಲಸ ಹೇಳಿದಳು. ಅವನು ರೇಡಿಯೊ ಆರಿಸಿದ.

“ನೀನು ಎಲ್ಲಿಂದ ತೆಗೀಬೇಕು ಅಂತಿದ್ದೀಯ?”

“ಹೋದ ವರ್ಷ ಮಳೆ ಮುಗಿದ ಮೇಲಿನಿಂದ.”

ಹೊರಗೆ ಯಾವುದೋ ಬಸ್ಸನ್ನು ಹಿಂದಕ್ಕೆ ತೆಗೆಯುತ್ತಿದ್ದರು, “ಬರ್ಲಿ, ಬರ್ಲಿ” ಎಂಬ ಕೂಗು ಕೇಳಿಸುತ್ತಿತ್ತು.

“ಅದಕ್ಕೂ ಹಿಂದಿನ ವರ್ಷದ್ದೂ ತೆಗಿ” ಎಂದ.

ಪುಟ್ಟಿ ಬಾಗಿಲು ಬಿಟ್ಟು ಒಳಗೆ ಬಂದಳು.

“ಆ ವರ್ಷ ಪೂರ್ತಿ. ಬಣ್ಣ ಕಂಡ್ರೆ ಸಾಕು, ಹೆಸರು ಬರೆದುಬಿಡ್ತಿದ್ದೆ. ಜನರಿಗೆ ಸುಳ್ಳು ಹೇಳಿದ್ದು ಒಂದು ಕಡೆ ಇರಲಿ. ಆ ನಕ್ಷೆಯಲ್ಲಿ ಇರೋದು ಬೇಡ.”

ಆ ವರ್ಷ ಅವಳು ಕಚೇರಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಅವನ ಬಸ್ಸಿನಲ್ಲೇ ಅಣೆಕಟ್ಟೆ ನೋಡಲು ಹೋಗಿದ್ದಳು. ಕೆಲವರು ಮಕ್ಕಳನ್ನೂ ಕರೆತಂದಿದ್ದರು. ಗುಡ್ಡದ ಮೇಲೆ ದಟ್ಟ ಮಂಜು. ನಮ್ಮ ಚಿಕ್ಕಪ್ಪನ ಕೈಯಲ್ಲಿದ್ದೇವೆ, ಹೆದರಬೇಡಿ ಎಂದು ಅವಳೇ ಎಲ್ಲರಿಗೂ ಧೈರ್ಯ ಹೇಳಿದ್ದಳು.

“ನಾವು ಬಂದಿದ್ವಲ್ಲ, ಅಣೆಕಟ್ಟೆಗೆ...” ಎಂದಳು.

“ಹೂಂ. ಅವತ್ತೂ ಹಾಗೇ. ನೀನು ಪಕ್ಕದಲ್ಲೇ ಕೂತು ಮಾತಾಡ್ತಾನೇ ಇದ್ದೆ. ಗಾಜಿನಾಚೆ ನಂಗೆ ಏನೂ ಕಾಣ್ತಿರಲಿಲ್ಲ. ಮಂಜಿದೆ ಅಂತ ನೀನೇ ಅಂದೆ, ಹೌದು ಅಂದೆ.”

ಅವಳು ಪಕ್ಕದಲ್ಲಿದ್ದ ಮುರುಕು ಪೆಟ್ಟಿಗೆಯ ಮೇಲೆ ಕೂತಳು. ಆ ಮಕ್ಕಳ ಮುಖಗಳು ಒಂದೊಂದಾಗಿ ಕಣ್ಣೆದುರು ಬಂದವು. ಸಿಟ್ಟು ಬಂತು, ಎಷ್ಟೋ ತಿಂಗಳಿನಿಂದ ಬಾರದೇ ಇದ್ದ ಸಿಟ್ಟು. ಎದುರಿಗೆ ಕೂತವನ ಕೈಗಳನ್ನು ನೋಡಿದಳು. ಸ್ಟೀರಿಂಗ್ ಹಿಡಿದು ಹಿಡಿದು ದಪ್ಪಗಟ್ಟಿದ ಅಂಗೈ ತೊಡೆಯ ಮೇಲೆ ಮಗುಚಿ ಬಿದ್ದಿತ್ತು. ಫೋನು ತೆಗೆದು, ಅವನು ಹೇಳಿದ ವರ್ಷದಿಂದ ಈಚಿನ ಅವನ ಚುಕ್ಕೆಗಳನ್ನೆಲ್ಲ ಅಲ್ಲೇ ಕೂತು ತೆಗೆಯತೊಡಗಿದಳು. ಕೆಲಸ ಮುಗಿಯಲು ಸಾಕಷ್ಟು ಹೊತ್ತು ಹಿಡಿಯಿತು. ಮುಗಿದ ಮೇಲೆ ಚಿಕ್ಕಪ್ಪ ಕೇಳಿದ.

“ಈಗ ಹೇಗೆ ಕಾಣುತ್ತೆ?”

“ಗುಡ್ಡದ ನೆತ್ತಿ ಖಾಲಿ. ಈಚೆ ಬದಿಗೆ ಇವೆ, ಆಚೆ ಬದಿಗೆ ಇವೆ. ನಡುವೆ ಏನೂ ಇಲ್ಲ.”

“ನಂಗೆ ಕಾಣೋ ಹಾಗೇ” ಎಂದು ನಗಲು ನೋಡಿದ. ಅವಳು ನಗಲಿಲ್ಲ.

ಅಷ್ಟರಲ್ಲಿ ಹುಡುಗಿಯೊಬ್ಬಳು ಬಂದು, ನಿನ್ನೆ ಬಸ್ಸಿನಲ್ಲಿ ಕೊಡೆ ಬಿಟ್ಟಿದ್ದೆ, ಹಸಿರು ಬಣ್ಣದ್ದು, ಎಂದಳು. ಚಿಕ್ಕಪ್ಪ ಎದ್ದು ಹಲಗೆಯ ಹತ್ತಿರ ಹೋಗಿ, ಹಿಡಿಕೆ ಹೇಗಿತ್ತು ಎಂದು ಕೇಳಿದ. ಮರದ್ದು, ಬಗ್ಗಿದ್ದು ಎಂದಳು. ಒಂದೊಂದೇ ಹಿಡಿಕೆ ಸವರಿ, ಒಂದನ್ನು ಎಳೆದುಕೊಟ್ಟ. ಅದು ಅವಳದೇ. ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುವಾಗ ಬೆರಳಿಟ್ಟ ಜಾಗ ತಪ್ಪಿತ್ತು. ಪುಟ್ಟಿ ಎದ್ದುಹೋಗಿ ಪುಸ್ತಕವನ್ನು ಸರಿಯಾಗಿ ತಿರುಗಿಸಿ ಇಟ್ಟಳು. ಅವನು ಬೇಡ ಎನ್ನಲಿಲ್ಲ.

ಅವಳು ಹೊರಡುವಾಗ ಅವನೇ ಅಂದ: “ನೀನು ಮಾಡಿದ್ದು ಸರಿ ಅಂತ ನನ್ನ ಬಾಯಲ್ಲಿ ಬರಲ್ಲ, ಪುಟ್ಟಿ. ಅದನ್ನ ಕಾಯಬೇಡ.”

“ಕಾಯಲ್ಲ” ಎಂದಳು.

ಅದಾದ ಮೇಲೆ ಅವಳು ವಾರಕ್ಕೊಮ್ಮೆ ಆ ಕೋಣೆಗೆ ಹೋಗುವುದುಂಟು. ಡಿಪೊದ ಸುದ್ದಿ, ಕಚೇರಿಯ ಸುದ್ದಿ ಮಾತಾಡುತ್ತಾರೆ; ಗುಡ್ಡದ ಮಾತು ಬಂದರೆ ಇಬ್ಬರೂ ಬೇರೆ ಕಡೆ ಹೊರಳುತ್ತಾರೆ. ಚಿಕ್ಕಮ್ಮ ಈಗ ಮನೆಗೆ ಕರೆದು ಊಟಕ್ಕೆ ಬಡಿಸುತ್ತಾಳೆ, ಮಾತು ಮಾತ್ರ ಅಳೆದು ತೂಗಿ. ಗುಡ್ಡದ ಮಾರ್ಗಕ್ಕೆ ಬಂದ ಹೊಸ ಡ್ರೈವರ್ ಒಳ್ಳೆಯ ಹುಡುಗ, ಹೊತ್ತಿಗೆ ಸರಿಯಾಗಿ ಹೋಗಿಬರುತ್ತಾನೆ. ದಾಖಲೆ ಬರೆಯುತ್ತೀಯಾ ಎಂದು ಅವನನ್ನು ಒಂದು ಮಾತು ಕೇಳು ಎಂದು ಮುಖ್ಯಸ್ಥೆ ಎರಡು ಸಲ ನೆನಪಿಸಿದಳು. ಪುಟ್ಟಿ ನಾಳೆ ನಾಳೆ ಎನ್ನುತ್ತಲೇ ಇದ್ದಾಳೆ.